"ಅಕ್ಕಾ, ಆ ಮಾತ್ರೆ ಉಂಟಾ?"

ಮಣಿಪಾಲದ ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ರಾತ್ರಿ ಅಂಗಡಿ ಖಾಲಿಯಾದ ಮೇಲೆ ಕಾಲೇಜು ಹುಡುಗಿಯರು ಬರುತ್ತಾರೆ. ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ. ಆಮೇಲೆ ಮೆಲ್ಲಗೆ ಇದು.

ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ., ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ. ಚೀಟಿ ಬೇಡ. ಅಸುರಕ್ಷಿತ ಸಂಭೋಗದ ನಂತರ 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು. ಆದರೆ ಅದು ತುರ್ತಿಗೆ ಮಾತ್ರ.

ಮೊನ್ನೆ ಒಬ್ಬಳು ಒಂದೇ ತಿಂಗಳಲ್ಲಿ ಮೂರನೇ ಸಲ ಬಂದಳು. ಡಾಕ್ಟರ್ ಹತ್ತಿರ ಹೋಗು ಅಂದೆ. "ಮದುವೆ ಆಗಿದೆಯಾ ಅಂತ ಎಲ್ಲರೆದುರು ಕೇಳ್ತಾರೆ ಅಕ್ಕಾ" ಅಂದಳು. ನನಗೆ ಹೊಟ್ಟೆ ಉರಿಯಿತು.

ಅಮೆರಿಕದ ಒರೆಗಾನ್‌ನಲ್ಲಿ 2016ರಿಂದ ಫಾರ್ಮಸಿಸ್ಟೇ ಆರೋಗ್ಯದ ಪ್ರಶ್ನೆ ಕೇಳಿ, ಬಿಪಿ ನೋಡಿ, ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಬರೆದು ಕೊಡಬಹುದು. ತರಬೇತಿ ಕೊಟ್ಟರೆ ನಮಗೂ ಆಗುತ್ತದೆ, ಅಲ್ವಾ?

ಅವಳನ್ನು ಸ್ಟೂಲಿನಲ್ಲಿ ಕೂರಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹೇಳಿದೆ. ಶನಿವಾರ ನಾನೇ ಜೊತೆಗೆ ಹೋಗುತ್ತೇನೆ.