ಹುಳಕ್ಕೂ ಸೆಕೆ ಆಗುತ್ತದೆ

ಕಳೆದ ವರ್ಷ ಜೂನ್ ತಿಂಗಳು. ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ತೋಟದ ಯಜಮಾನರು. "ನಿನ್ನ ಹುಳ ಅಡುಗೆಮನೆಗೆ ಬಂತು ಮಾರಾಯಾ, ಬೇಗ ಬಾ" ಅಂದರು, ಇಟ್ಟರು.

ನಾನು ಕೆಲಸ ಮಾಡುವುದು ಶಿರಸಿಯಿಂದ ಸ್ವಲ್ಪ ಒಳಗೆ ಇರುವ ಒಂದು ತೋಟದಲ್ಲಿ. ಅಡಿಕೆ, ಬಾಳೆ, ಕಾಳುಮೆಣಸು, ಎಂಟು ದನ. ಜೊತೆಗೆ ಒಂದು ಶೆಡ್ಡಿನಲ್ಲಿ ಹಲಸಿನ ಹಪ್ಪಳ, ಚಿಪ್ಸ್ ಮಾಡುತ್ತಾರೆ. ಹಲಸು ಕೊಯ್ದವರಿಗೆಲ್ಲ ಗೊತ್ತು, ತೊಳೆಗಿಂತ ಕಸವೇ ಜಾಸ್ತಿ. ಮುಳ್ಳಿನ ಸಿಪ್ಪೆ, ನಡುವಿನ ದಿಂಡು, ತೊಳೆ ಸುತ್ತಲಿನ ನಾರು, ಕೈಗೆ ಮೆತ್ತುವ ಮೇಣ. ದನ ಒಂದಿಷ್ಟು ತಿನ್ನುತ್ತವೆ. ಜಾಸ್ತಿ ಹಾಕಿದರೆ ಅವುಗಳ ಹೊಟ್ಟೆಯೂ ಕೆಡುತ್ತದೆ. ಉಳಿದದ್ದು ಗೊಬ್ಬರಗುಂಡಿಗೆ. ಮಳೆ ಹಿಡಿದ ಮೇಲೆ ಗುಂಡಿ ಕೆರೆಯಾಗುತ್ತದೆ. ಆಮೇಲೆ ನೊಣ, ವಾಸನೆ, ಬೈಗುಳ. ಈ ಕಸಕ್ಕೆ ಒಂದು ದಾರಿ ಮಾಡು ಅಂತ ನನಗೆ ಹೇಳಿದ್ದರು.

ನಾನು ಹಿಡಿದ ದಾರಿ ಬ್ಲ್ಯಾಕ್ ಸೋಲ್ಜರ್ ಫ್ಲೈ. ಕಪ್ಪು, ಉದ್ದನೆಯ ನೊಣ, ದೂರದಿಂದ ನೋಡಿದರೆ ಸಣ್ಣ ಕಣಜದ ಹಾಗೆ. ಕೆಲಸದವರು ಚಿಕ್ಕದಾಗಿ ಬಿಎಸ್‌ಎಫ್ ಅನ್ನುತ್ತೇವೆ. ಯಜಮಾನರ ತಮ್ಮ ಮೊದಲ ಸಲ ಕೇಳಿದಾಗ, "ಗಡಿ ಕಾಯುವವರಿಗೆ ನಮ್ಮ ಕೊಟ್ಟಿಗೆಯಲ್ಲಿ ಎಂತ ಕೆಲಸ?" ಅಂದಿದ್ದರು. ಮೂಲದಲ್ಲಿ ಅಮೆರಿಕ ಖಂಡದ ನೊಣ, ಈಗ ಬಿಸಿ ಇರುವ ಕಡೆಯೆಲ್ಲ ಇದೆ. ನಮ್ಮ ಸಗಣಿ ಗುಂಡಿಯ ಹತ್ತಿರವೂ ಇತ್ತು, ಯಾರೂ ಹೆಸರು ಕೇಳಿರಲಿಲ್ಲ ಅಷ್ಟೇ. ದೊಡ್ಡದಾದ ಮೇಲೆ ಇದು ಕಚ್ಚುವುದಿಲ್ಲ, ನಮ್ಮ ಅನ್ನದ ಮೇಲೆ ಕೂರುವುದೂ ಇಲ್ಲ. ನೀರು ಕುಡಿದು ಒಂದು ವಾರ, ಹೆಚ್ಚೆಂದರೆ ಎರಡು ವಾರ ಬದುಕುತ್ತದೆ. ಕೊಳೆತ ಕಸ ತಿನ್ನುವುದು ಇದರ ಮರಿ, ಅಂದರೆ ಬಿಳಿ ಹುಳ. ಹೊಟ್ಟೆಬಾಕತನವೆಲ್ಲ ಆಗಲೇ ಮುಗಿದಿರುತ್ತದೆ.

ಆದರೆ ಅಡಿಕೆ ತೋಟದವರ ಮುಂದೆ ಬಿಳಿ ಹುಳ ತೋರಿಸಿದರೆ ಮೊದಲು ನೆನಪಾಗುವುದು ಗೊಣ್ಣೆಹುಳ. ಬೇರು ತಿಂದು ಮರ ಹಳದಿ ಮಾಡುವ ಹುಳ. "ಗೊಣ್ಣೆಹುಳವನ್ನು ದುಡ್ಡು ಕೊಟ್ಟು ಸಾಕ್ತೀಯಾ?" ಅಂತ ಯಜಮಾನರು ಸಿಟ್ಟಾದರು. ತಪ್ಪೇನಿಲ್ಲ, ಆ ಹುಳದಿಂದ ಅವರು ಮರ ಕಳೆದುಕೊಂಡವರು. ಗುಂಡಿಯಿಂದ ಒಂದು ಗೊಣ್ಣೆಹುಳ, ಟಬ್ಬಿನಿಂದ ನಮ್ಮ ಹುಳ ಹತ್ತಿಪ್ಪತ್ತು ತಂದು ಹಾಳೆಯ ಮೇಲೆ ಇಟ್ಟೆ. ಗೊಣ್ಣೆಹುಳ ದಪ್ಪ, ಬಿಲ್ಲಿನ ಹಾಗೆ ಬಾಗಿ ಮಲಗುತ್ತದೆ, ಕಂದು ತಲೆ, ಮುಂದೆ ಆರು ಕಾಲು. ನಮ್ಮದು ಚಪ್ಪಟೆ, ಕಾಲೇ ಇಲ್ಲ, ಮೈ ತುಂಬ ಪಟ್ಟಿ ಪಟ್ಟಿ, ತಲೆ ಚೂಪು. ಜೀವ ಇರುವ ಬೇರು ಇದಕ್ಕೆ ಬೇಡ, ಕೊಳೆತದ್ದು ಬೇಕು. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಸರಿ, ತೋಟದಿಂದ ದೂರ ಇಡು" ಅಂದರು. ದೂರ ಅಂದರೆ ಕೊಟ್ಟಿಗೆಯ ಹಿಂದಿನ ಇಳಿಮಾಡು. ಅದು ತೋಟದಿಂದ ದೂರ ಹೌದು. ಅಡುಗೆಮನೆಗೆ ಮಾತ್ರ ಹತ್ತಿರ.

ಲೆಕ್ಕ ನನಗೆ ಬಾಯಿಪಾಠ ಇತ್ತು. ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಕ್ರೇಟಿಗೆ ಐದು ದಿನದ ಮರಿ ಸುಮಾರು 10,000. ಅವಕ್ಕೆ 12 ದಿನದಲ್ಲಿ 15 ಕೆಜಿ ಹಸಿ ಕಸ, ಒಂದೇ ಸಲ ಅಲ್ಲ, ಮೂರು ಕಂತಿನಲ್ಲಿ. ಕಸದ ದಪ್ಪ ಎರಡು ಇಂಚು ದಾಟಬಾರದು. ಹತ್ತು ಕ್ರೇಟು ಇದ್ದವು. ಒಂದು ಕಂತಿಗೆ ಅಂದಾಜು 50 ಕೆಜಿ.

ಫೋನ್ ಬಂದ ಹಿಂದಿನ ದಿನ ಶೆಡ್ಡಿನಲ್ಲಿ ಹಲಸು ಜಾಸ್ತಿ ಬಂದಿತ್ತು. ಸಂಜೆ ಹೊತ್ತಿಗೆ ಹಿಂದೆ ಎರಡು ಕ್ವಿಂಟಾಲ್ ಕಸ. ಮರುದಿನ ಮನೆಗೆ ನೆಂಟರು ಬರುವವರಿದ್ದರು. "ಇಷ್ಟನ್ನೂ ಇವತ್ತೇ ಖಾಲಿ ಮಾಡಿಬಿಡು" ಅಂದರು ಯಜಮಾನರು. ನಾನು ಖಾಲಿ ಮಾಡಿದೆ. ಕ್ರೇಟಿನಲ್ಲಿ ಕಸ ಗೇಣು ದಪ್ಪ ಆಯಿತು. ಹಲಸಿನಲ್ಲಿ ಸಕ್ಕರೆ ಜಾಸ್ತಿ ಅಲ್ವಾ, ರಾಶಿ ಹಾಕಿದರೆ ಹುಳಿಯುತ್ತದೆ, ಬಿಸಿಯಾಗುತ್ತದೆ. ಅದೂ ನನಗೆ ಗೊತ್ತಿತ್ತು. ಒಂದು ರಾತ್ರಿ ತಾನೇ ಅಂದುಕೊಂಡೆ. ಗಾಳಿಮಳೆ ಶುರುವಾಯಿತು. ಎರಚಲು ಹೊಡೆಯಬಾರದು ಅಂತ ಮೇಲಿಂದ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಬೈಕ್ ಹತ್ತಿದೆ. ಬುದ್ಧಿವಂತ ಕೆಲಸ ಮಾಡಿದೆ ಅಂತಲೇ ಅನ್ನಿಸಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ ಇಳಿಮಾಡಿನ ಗೋಡೆಯೇ ಹರಿದಾಡುತ್ತಿತ್ತು. ಬಾಗಿಲ ಸಂದಿಯಿಂದ ಸಾಲು ಒಳಗೆ ಹೋಗಿತ್ತು. ಒರಳುಕಲ್ಲಿನ ಗುಳಿಯಲ್ಲಿ ಒಂದು ಹಿಡಿ ಹುಳ. ಅಮ್ಮನವರು ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ಪಕ್ಕದ ಮನೆಯ ಕೋಳಿಗಳಿಗೆ ಹೇಗೆ ಗೊತ್ತಾಯಿತೋ, ಆರೂವರೆಗೆಲ್ಲ ಅಂಗಳದಲ್ಲಿ ಹಾಜರು. ನಿಜ ಹೇಳಬೇಕಂದರೆ ಅರ್ಧ ಕೆಲಸ ಮಾಡಿದ್ದು ಅವೇ.

ನಾನು ಬೇಲಿ ಹಾಕುವ ಯೋಚನೆಯಲ್ಲಿದ್ದೆ. ಕ್ರೇಟಿನ ಅಂಚಿಗೆ ಸುಣ್ಣ ಬಳಿಯಬೇಕಾ, ಬಲೆ ಕಟ್ಟಬೇಕಾ ಅಂತ. ಕೊಟ್ಟಿಗೆ ಕೆಲಸದ ಅಕ್ಕ ಸಗಣಿ ಬುಟ್ಟಿ ಕೆಳಗಿಟ್ಟು ಬಂದರು. ಟಾರ್ಪಾಲು ಎತ್ತಿದರು. ಅಡಿಕೆ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು, ಹುಳಿ ಹೆಂಡದ ವಾಸನೆ. ಕಸದ ಮೇಲೆ ಅಂಗೈ ಹಿಡಿದು ತಟ್ಟನೆ ಎಳೆದುಕೊಂಡರು. "ಅದಕ್ಕೆ ಸೆಕೆ ಆಗಿದೆ ತಮಾ. ನಾವು ಅಂಗಳಕ್ಕೆ ಬಂದು ಮಲಗುದಿಲ್ವಾ? ಹಾಂಗೇ ಬಂದಿದೆ."

ಆಮೇಲೆ ಅವರು ನೆಲದ ಮೇಲಿನ ಹುಳ ಎರಡು ಹೆಕ್ಕಿ ತೋರಿಸಿದರು. "ಎಲ್ಲ ಬಿಳಿ. ಯಾವಾಗಲೂ ಹೊರಗೆ ಬರುದು ಕಪ್ಪು ಅಲ್ದಾ?"

ಅಲ್ಲಿ ನನಗೆ ನಾಚಿಕೆಯಾಯಿತು. ತಿಂದು ಮುಗಿಸಿದ ಹುಳ ಕಪ್ಪಾಗುತ್ತದೆ. ಕೋಶ ಕಟ್ಟಲು ಒಣ ಜಾಗ ಹುಡುಕಿಕೊಂಡು ತಾನಾಗಿ ಹೊರಗೆ ನಡೆಯುತ್ತದೆ. ಅದು ಅದರ ಸ್ವಭಾವ. ಬಿಳಿ ಹುಳ ಇನ್ನೂ ಉಣ್ಣುವ ವಯಸ್ಸಿನದು. ಅದು ತಟ್ಟೆ ಬಿಟ್ಟು ಎದ್ದಿದೆ ಅಂದರೆ ಕೆಳಗೆ ಉಸಿರಾಡಲು ಗಾಳಿ ಇಲ್ಲ, ಮೇಲೆ ಕಾವು ತಡೆಯುತ್ತಿಲ್ಲ. ಅದಕ್ಕೆ 27ರಿಂದ 30 ಡಿಗ್ರಿ ಹಿತ. ಸಾವಿರಾರು ಹುಳ ಒಟ್ಟಿಗೆ ಮೆಂದರೆ ಅದರಿಂದಲೇ ಕಾವು ಏರುತ್ತದೆ, ಮೇಲಿಂದ ಹುಳಿಯುವ ಹಲಸು, ಅದರ ಮೇಲೆ ನನ್ನ ಟಾರ್ಪಾಲು. ಒಣಗಿದ ಪ್ಲಾಸ್ಟಿಕ್ ಗೋಡೆ ಹತ್ತಲು ಈ ಹುಳಕ್ಕೆ ಆಗುವುದಿಲ್ಲ. ಒದ್ದೆಯಾದರೆ ಅಂಟಿಕೊಂಡು ಹತ್ತುತ್ತದೆ. ಟಾರ್ಪಾಲಿನ ಒಳಗಿನ ಹಬೆ ನೀರಾಗಿ ಗೋಡೆಗೆ ಇಳಿದು ಏಣಿ ಹಾಕಿಕೊಟ್ಟಿತ್ತು. ಹತ್ತು ಕ್ರೇಟಿನಲ್ಲಿ ಮೂರರ ಹುಳ ಒಳಗೇ ಬೆಂದು ಸತ್ತಿದ್ದವು. ಎರಡು ದಿನ ಆ ವಾಸನೆ ಕೈಯಿಂದ ಹೋಗಲಿಲ್ಲ.

ಆವತ್ತಿನವರೆಗೆ ನಾನು ದಿನಾ ಬರೆದಿಡುತ್ತಿದ್ದದ್ದು ಒಂದೇ: ಎಷ್ಟು ಕೆಜಿ ಕಸ ಖಾಲಿ ಆಯಿತು. ಯಜಮಾನರೂ ಅದನ್ನೇ ಕೇಳುತ್ತಿದ್ದರು. ಹುಳ ಎಷ್ಟು ತಿಂದಿತು ಅಂತ ಇಬ್ಬರೂ ಕೇಳಿರಲಿಲ್ಲ. ಈಗ ಪುಸ್ತಕದಲ್ಲಿ ಇನ್ನೊಂದು ಗೆರೆ ಇದೆ. ಹಿಂದಿನ ಕಂತು ಕಾಫಿ ಪುಡಿಯ ಹಾಗೆ ಉದುರಾಗಿದೆಯಾ, ಇನ್ನೂ ಮುದ್ದೆಯಾಗಿದೆಯಾ. ಮುದ್ದೆ ಇದ್ದರೆ ಹೊಸದು ಹಾಕುವುದಿಲ್ಲ. ಹಲಸಿನ ಜೊತೆ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಕಲಸುತ್ತೇವೆ. ಹಿಂಡಿದರೆ ಬೆರಳ ಸಂದಿಯಿಂದ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಟಾರ್ಪಾಲು ಈಗ ಮಾಡಿನ ಅಂಚಿಗೆ ಇಳಿಬಿಟ್ಟಿದ್ದೇವೆ, ಕ್ರೇಟಿಗೆ ತಾಗುವುದಿಲ್ಲ. ಜಾಸ್ತಿ ಬಂದ ಕಸವನ್ನು ದರಕಿನ (ಒಣ ಎಲೆಯ) ಜೊತೆ ಹಳೆ ಗುಂಡಿಗೇ ಹಾಕುತ್ತೇವೆ. ಎಲ್ಲವನ್ನೂ ಹುಳವೇ ತಿನ್ನಬೇಕು ಅನ್ನುವುದು ನನ್ನ ಹಟ ಆಗಿತ್ತು.

ತಿನ್ನದೇ ಇರುವುದೂ ಬಹಳ ಇದೆ. ಹುಮ್ಮಸ್ಸಿನಲ್ಲಿ ಅಡಿಕೆ ಸಿಪ್ಪೆ ಹಾಕಿ ನೋಡಿದೆ. ಹನ್ನೆರಡು ದಿನ ಕಳೆದರೂ ಸಿಪ್ಪೆ ಹಾಗೇ, ಹುಳ ಬಡಕಲು. ಅಷ್ಟು ಗಟ್ಟಿ ನಾರು ಅದಕ್ಕೆ ದಕ್ಕುವುದಿಲ್ಲ. ಬಾಳೆದಿಂಡೂ ಅಷ್ಟೇ, ಮೆತ್ತನೆಯದು ಹೋಗಿ ನಾರು ಉಳಿಯುತ್ತದೆ. ಬರೀ ಸಗಣಿಯಲ್ಲಿ ಬೆಳೆಯುತ್ತದೆ, ಆದರೆ ನಿಧಾನ. ಹುಳದ ಹಿಕ್ಕೆಯನ್ನು ಹಸಿಹಸಿಯಾಗಿ ಸಸಿಗೆ ಹಾಕಿ ಒಂದು ಸಾಲು ಮೆಣಸಿನ ಗಿಡ ಸುಟ್ಟಿದ್ದೂ ಆಯಿತು. ಈಗ ಅದನ್ನು ರಾಶಿ ಹಾಕಿ ಮಾಗಿಸಿಯೇ ತೋಟಕ್ಕೆ ಒಯ್ಯುವುದು. ಬೆಳೆದ ಹುಳವನ್ನು ಬಿಸಿನೀರಿಗೆ ಹಾಕಿ ಒಣಗಿಸಿದರೆ ಕೋಳಿಗೆ, ಮೀನಿಗೆ ಒಳ್ಳೆ ಮೇವು, ಒಣ ತೂಕದಲ್ಲಿ ಶೇ 40ರ ಹತ್ತಿರ ಪ್ರೋಟೀನ್. ಅದಕ್ಕೆ ಅಡಿಕೆ ಬೇಯಿಸುವ ಹಂಡೆ ಕೇಳಿದೆ. ಆಗ ಅಮ್ಮನವರು ಮಾತಾಡಿದರು. ಏನಂದರು ಅಂತ ಇಲ್ಲಿ ಬರೆಯುವುದು ಬೇಡ.

ಬಗೆಹರಿಯದ ಕಷ್ಟ ಒಂದಿದೆ. ಈ ನೊಣ ಜೋಡಿಯಾಗಲು ಬಿಸಿಲು ಬೇಕು. ಸಂತಾನಕ್ಕೆ ಸೊಳ್ಳೆಪರದೆಯ ಗೂಡು ಕಟ್ಟಿ, ಒಳಗೆ ತೆಳು ಹಲಗೆ ಚೂರುಗಳ ನಡುವೆ ಗುಂಡುಸೂಜಿ ಇಟ್ಟು ಸಂದಿ ಮಾಡಿದ್ದೇನೆ. ಹೆಣ್ಣು ಆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಒಂದು ಗ್ರಾಮಿಗೆ ಸುಮಾರು 40,000 ಮೊಟ್ಟೆ, ಅಕ್ಕಸಾಲಿಗರ ತಕ್ಕಡಿ ಬೇಕು. ಏಪ್ರಿಲ್‌ನಲ್ಲಿ ಹಲಗೆ ತುಂಬಾ ಇರುತ್ತದೆ. ಜುಲೈಯಲ್ಲಿ ನಮ್ಮಲ್ಲಿ ವಾರಗಟ್ಟಲೆ ಸೂರ್ಯ ಕಾಣದಾಗ ನೊಣಗಳು ಪರದೆಗೆ ಅಂಟಿ ಸುಮ್ನೆ ಕೂತಿರುತ್ತವೆ. ಮನೆಯ ಟ್ಯೂಬ್‌ಲೈಟ್ ಹಾಕಿ ನೋಡಿದೆ, ಅವು ಕ್ಯಾರೇ ಅನ್ನಲಿಲ್ಲ. ಹಲಸು ಸುರಿಯುವ ಹೊತ್ತಿಗೇ ಮರಿ ಕಡಿಮೆ.

ಈ ವರ್ಷ ಗೂಡನ್ನು ಅಡಿಕೆ ಒಣಗಿಸುವ ಅಟ್ಟದ ಮೂಲೆಗೆ ಒಯ್ದಿದ್ದೇವೆ, ಮೋಡ ಸರಿದ ಕೂಡಲೇ ಬೆಳಕು ಬೀಳುವುದು ಅಲ್ಲೇ. ಮೊನ್ನೆ ಹನ್ನೊಂದು ಗಂಟೆಗೆ ಅರ್ಧ ತಾಸು ಬಿಸಿಲು ಬಂತು. ಅಕ್ಕ ಕೊಟ್ಟಿಗೆಯಿಂದ ಕೂಗಿದರು, "ತಮಾ, ಬಿಸಿಲು ಬಂತು, ನಿನ್ನ ಮದುವೆಮನೆ ನೋಡು." ಓಡಿ ಹೋದೆ. ಎರಡು ಜೋಡಿ ಇದ್ದವು.