ವಲೆನ್ಸಿಯಾದ ಮಾಲ್ವರೋಸ ಕಡಲತೀರ: ಮಕ್ಕಳು ಮತ್ತು ಹಿರಿಯರೊಡನೆ ಹೋಗುವವರಿಗೆ

ಟ್ರಾಮಿನಿಂದ ಇಳಿದು ಸ್ವಲ್ಪ ನಡೆದರೆ ತಾಳೆಮರಗಳ ಸಾಲಿನ ಕಾಲುಹಾದಿ ಸಿಗುತ್ತದೆ. ಅದರಾಚೆ ಕಡಲು ಕಾಣಿಸುತ್ತದೆ, ಆದರೆ ನೀರು ಮುಟ್ಟಬೇಕಾದರೆ ಇನ್ನೂ ಬಹಳ ಮರಳು ದಾಟಬೇಕು. ಸ್ಪೇನ್ ದೇಶದ ವಲೆನ್ಸಿಯಾ ನಗರದ ಕಬನ್ಯಾಲ್ ಮತ್ತು ಮಾಲ್ವರೋಸ ಕಡಲತೀರಗಳು ಒಂದಕ್ಕೊಂದು ಸೇರಿಕೊಂಡೇ ಇವೆ. ಎರಡೂ ಕೂಡಿ ಎರಡು ಕಿಲೋಮೀಟರಿಗಿಂತ ಹೆಚ್ಚು ಉದ್ದ, ಅಗಲ ಸುಮಾರು 135 ಮೀಟರ್. ಕಳೆದ ಜೂನ್‌ನಲ್ಲಿ ನಾನು, ನನ್ನ ಪತ್ನಿ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅರವತ್ತೆಂಟರ ನನ್ನ ಅಮ್ಮ, ಹೀಗೆ ಐವರು ಅಲ್ಲಿ ನಾಲ್ಕು ದಿನ ಕಳೆದೆವು. ಕುಂದಾಪುರದ ಕಡೆಯವರಾದ ನಮಗೆ ಕಡಲು ಹೊಸತಲ್ಲ. ಆದರೂ ಈ ಅಗಲ ನಮಗೆ ಹೊಸತಾಗಿತ್ತು. ನಮಗೆ ಸಿಕ್ಕ ಸುಖಕ್ಕೂ, ನಾವು ಮಾಡಿದ ತಪ್ಪುಗಳಿಗೂ ಅದೇ ಕಾರಣ.

ಈ ತೀರ ಇಷ್ಟು ಅಗಲವಾಗಲು ಪಕ್ಕದ ಬಂದರು ಕಾರಣ. ಇಲ್ಲಿ ಅಲೆಗಳು ಮರಳನ್ನು ಉತ್ತರದಿಂದ ದಕ್ಷಿಣಕ್ಕೆ ಸಾಗಿಸುತ್ತವೆ. ವಲೆನ್ಸಿಯಾ ಬಂದರಿನ ತಡೆಗೋಡೆಗಳು ಕಡಲೊಳಗೆ ಚಾಚಿಕೊಳ್ಳುತ್ತ ಹೋದಂತೆ ಆ ಮರಳು ಬಂದರಿನ ಉತ್ತರಕ್ಕೇ ನಿಂತು ದಂಡೆ ಬೆಳೆಯಿತು, ದಕ್ಷಿಣದ ಸಲೇರ್ ಕಡೆಯ ದಂಡೆಗಳು ಮರಳಿಲ್ಲದೆ ಸವೆದವು. ಕಡಲ್ಕೊರೆತವನ್ನು ಕಣ್ಣಾರೆ ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲು ಯೋಚಿಸಬೇಕಾದದ್ದು ಯಾವ ತಿಂಗಳಲ್ಲಿ ಹೋಗಬೇಕು ಎಂಬುದನ್ನು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬರುತ್ತದೆ. ಆಗ ಮೆಡಿಟರೇನಿಯನ್ ನೀರು ಮಕ್ಕಳು ಆಡುವಷ್ಟು ಬೆಚ್ಚಗಿರುವುದಿಲ್ಲ. ಏಪ್ರಿಲ್‌ನಲ್ಲಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವ ನೀರು ಜೂನ್ ನಡುವಿನ ಹೊತ್ತಿಗೆ ಸುಮಾರು 22ಕ್ಕೆ, ಆಗಸ್ಟ್‌ನಲ್ಲಿ 26ಕ್ಕೆ ಏರುತ್ತದೆ. ಆಗಸ್ಟ್‌ನಲ್ಲಿ ಸ್ಪೇನಿನವರೇ ರಜೆಯ ಮೇಲೆ ಬರುವುದರಿಂದ ದಂಡೆ ತುಂಬಿರುತ್ತದೆ, ಸೆಖೆಯೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಶಾಲೆಗೆ ಒಂದು ವಾರ ರಜೆ ಹಾಕಿಯಾದರೂ ಜೂನ್‌ನಲ್ಲಿ ಹೋಗುವುದು ಒಳ್ಳೆಯದು. ನಮ್ಮಲ್ಲಿ ಮಳೆಗಾಲದ ಕಡಲು ಅಬ್ಬರಿಸುತ್ತ ಯಾರನ್ನೂ ನೀರಿಗೆ ಬಿಡದ ಆ ದಿನಗಳಲ್ಲೇ ಅಲ್ಲಿನ ಕಡಲು ಶಾಂತವಾಗಿರುತ್ತದೆ. ದಸರಾ ರಜೆಯಲ್ಲಿ ಹೋಗುವವರು ಮಳೆಯ ಮುನ್ನೆಚ್ಚರಿಕೆಗಳನ್ನು ದಿನವೂ ಗಮನಿಸಬೇಕು. 2024ರ ಅಕ್ಟೋಬರ್ 29ರಂದು ನಗರದ ದಕ್ಷಿಣದ ಊರುಗಳಿಗೆ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ನೆರೆ ಬಂದದ್ದು ಇದೇ ಶರತ್ಕಾಲದ ಮಳೆಯಿಂದ.

ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45 ಯೂರೊ, ಆರರೊಳಗಿನವರಿಗೆ ಇಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಾವು ಮ್ಯಾಡ್ರಿಡ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ವೇಗದ ರೈಲು ಹಿಡಿದೆವು. ಎರಡು ಗಂಟೆಯೊಳಗೆ ಅದು ವಲೆನ್ಸಿಯಾ ತಲುಪಿಸುತ್ತದೆ. ಇಳಿಯುವ ನಿಲ್ದಾಣಕ್ಕೆ ಈ ಊರಿನಲ್ಲೇ ಹುಟ್ಟಿದ ಚಿತ್ರಕಾರ ಹ್ವಾಕೀನ್ ಸೊರೋಯಾ ಅವರ ಹೆಸರಿಟ್ಟಿದ್ದಾರೆ.

ವಸತಿಯನ್ನು ಕಡಲ ಎದುರಿನಲ್ಲೇ ಹಿಡಿಯಬೇಕಾಗಿಲ್ಲ. ನಾವು ನಗರದ ನಡುವೆ ಅಡುಗೆಮನೆಯಿದ್ದ ಒಂದು ಫ್ಲ್ಯಾಟ್ ಬಾಡಿಗೆಗೆ ಪಡೆದೆವು. ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು, ಅಮ್ಮನಿಗೆ ಗಂಜಿ ಮಾಡಿಕೊಳ್ಳಲು ಅನುಕೂಲವಾಯಿತು. ಅಲ್ಲಿಂದ 3ನೇ ಸಂಖ್ಯೆಯ ಮೆಟ್ರೊದಲ್ಲಿ ಬೆನಿಮಕ್ಲೆಟ್‌ಗೆ ಹೋಗಿ, ಅಲ್ಲಿ 4ನೇ ಸಂಖ್ಯೆಯ ಟ್ರಾಮ್ ಹಿಡಿದರೆ ಕಡಲತೀರದ ಹತ್ತಿರವೇ ಇಳಿಯಬಹುದು. 1994ರಲ್ಲಿ ಶುರುವಾದ ಈ ಟ್ರಾಮಿನ ನೆಲ ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಇರುವುದರಿಂದ ಮಗುವಿನ ತಳ್ಳುಗಾಡಿಯನ್ನು ಎತ್ತಬೇಕಾಗಲಿಲ್ಲ, ಮಂಡಿನೋವಿನ ಅಮ್ಮನೂ ಕಷ್ಟಪಡಲಿಲ್ಲ. ಸುಮಾ ಕಾರ್ಡನ್ನು ಮೊದಲ ದಿನವೇ ಕೊಂಡುಕೊಳ್ಳಿ. ಮೆಟ್ರೊ, ಟ್ರಾಮ್, ನಗರದ ಬಸ್ಸು ಮೂರಕ್ಕೂ ಅದೊಂದೇ ಸಾಕು.

ಈಗ ನಾವು ಮಾಡಿದ ದೊಡ್ಡ ತಪ್ಪಿನ ಮಾತು. ಮೊದಲ ದಿನ ಊರು ಸುತ್ತಿ, ಊಟ ಮುಗಿಸಿ, ಎರಡೂವರೆ ಗಂಟೆಗೆ ದಂಡೆಗೆ ಹೋದೆವು. ಚಪ್ಪಲಿಗಳನ್ನೆಲ್ಲ ಕಾಲುಹಾದಿಯ ಬಳಿಯೇ ಕಳಚಿ ಚೀಲಕ್ಕೆ ಹಾಕಿ, ಬರಿಗಾಲಲ್ಲಿ ನೀರಿನತ್ತ ಹೊರಟೆವು. ಮೂವತ್ತು ಹೆಜ್ಜೆ ಹೋಗುವಷ್ಟರಲ್ಲಿ ಚಿಕ್ಕವಳು ಒಂಟಿಕಾಲಲ್ಲಿ ಕುಣಿಯತೊಡಗಿದಳು. "ಮರಳು ಕಾದ ಹಂಚಿನ ಹಾಗಿದೆ, ಮಗುವನ್ನು ಎತ್ತಿಕೊ" ಎಂದು ಅಮ್ಮ ಕೂಗಿದರು. ಮುಂದೆ ನೂರು ಮೀಟರ್ ಮರಳು, ಹಿಂದೆ ಮೂವತ್ತು ಹೆಜ್ಜೆ, ನಡುವೆ ನೆರಳೆಂಬುದು ಇಲ್ಲ. ಅವಳನ್ನು ಎತ್ತಿಕೊಂಡು ಹಿಂದಕ್ಕೇ ಓಡಿದೆ. ಅಂಗಾಲು ಕೆಂಪಾಗಿ ಅವಳು ಆ ದಿನವಿಡೀ ನೆಲಕ್ಕೆ ಕಾಲೂರಲಿಲ್ಲ. ಚಪ್ಪಲಿಯನ್ನು ನೀರಿನಂಚಿನವರೆಗೂ ಹಾಕಿಕೊಂಡೇ ಹೋಗಬೇಕು. ಮರಳಿನ ನಡುವೆ ಅಲ್ಲಲ್ಲಿ ಹಾಸಿರುವ ಹಲಗೆಯ ಹಾದಿಗಳಲ್ಲೇ ಸಾಧ್ಯವಾದಷ್ಟು ದೂರ ನಡೆಯಬೇಕು.

ಮರುದಿನದಿಂದ ದಿನಚರಿ ಬದಲಿಸಿದೆವು. ಬೆಳಿಗ್ಗೆ ಎಂಟೂವರೆಗೆ ದಂಡೆಯಲ್ಲಿದ್ದು ಹನ್ನೊಂದೂವರೆಗೆ ಎದ್ದು ಬರುವುದು, ನಡುಹಗಲು ಊಟ ಮತ್ತು ನಿದ್ದೆ, ಮತ್ತೆ ಆರು ಗಂಟೆಗೆ ಹೋಗುವುದು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಹಾಗಾಗಿ ಸಂಜೆಯ ಮೂರು ಗಂಟೆ ಮಕ್ಕಳಿಗೆ ಧಾರಾಳವಾಗಿ ಸಿಗುತ್ತದೆ. ಸ್ಥಳೀಯ ಅಜ್ಜ ಅಜ್ಜಿಯರೂ ಮೊಮ್ಮಕ್ಕಳೊಡನೆ ಆ ಹೊತ್ತಿಗೇ ಮಡಚುವ ಕುರ್ಚಿ ಹೊತ್ತು ಬರುವುದನ್ನು ಕಂಡಾಗ, ನಾವು ಮೊದಲೇ ಅವರನ್ನು ನೋಡಿ ಕಲಿಯಬೇಕಿತ್ತು ಎನ್ನಿಸಿತು. ಕೊಡೆ ಬಾಡಿಗೆಗೆ ಸಿಗುತ್ತದೆ. ಸ್ವಂತದ್ದಾದರೆ ಕೋಲನ್ನು ಹಸಿ ಮರಳು ಸಿಗುವಷ್ಟು ಆಳಕ್ಕೆ ಊರಬೇಕು, ಏಕೆಂದರೆ ಮಧ್ಯಾಹ್ನದ ಕಡಲಗಾಳಿ ಸಡಿಲವಾಗಿ ನೆಟ್ಟ ಕೊಡೆಯನ್ನು ಎತ್ತಿ ಒಯ್ಯುತ್ತದೆ.

ನೀರಿನ ವಿಷಯದಲ್ಲಿ ನಮ್ಮವರಿಗೆ ಎದ್ದು ಕಾಣುವ ವ್ಯತ್ಯಾಸವೆಂದರೆ ಅಲ್ಲಿ ಉಬ್ಬರ ಇಳಿತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೆಳಿಗ್ಗೆ ಚೀಲ ಇಟ್ಟ ಜಾಗ ಸಂಜೆಯೂ ಒಣಗಿಯೇ ಇರುತ್ತದೆ. ತಳ ನಿಧಾನವಾಗಿ ಇಳಿಯುವುದರಿಂದ ಬಹಳ ದೂರದವರೆಗೂ ನೀರು ದೊಡ್ಡವರ ಸೊಂಟಕ್ಕಷ್ಟೇ ಬರುತ್ತದೆ. ಹಾಗೆಂದು ಮೈಮರೆಯಬಾರದು. ಮೂಡಣ ಗಾಳಿ ಬೀಸಿದ ದಿನ ಅಲೆಗಳು ಏಳುತ್ತವೆ, ಸೆಳೆತವೂ ಇರುತ್ತದೆ. ಬೇಸಿಗೆಯಲ್ಲಿ ಜೀವರಕ್ಷಕರು ಹಾರಿಸುವ ಬಾವುಟ ಹಸಿರಾದರೆ ಇಳಿಯಬಹುದು, ಹಳದಿಯಾದರೆ ಎಚ್ಚರವಿರಬೇಕು, ಕೆಂಪಾದರೆ ಕಾಲಿಡಲೇಬಾರದು. ಜೆಲ್ಲಿ ಮೀನು ಬಂದಾಗಲೂ ಸೂಚನೆ ಕೊಡುತ್ತಾರೆ. ತುರ್ತು ಕರೆಗೆ 112.

ಅಗಲದಿಂದ ನಮಗಾದ ಎರಡನೆಯ ಪಾಡು ಇನ್ನೂ ಗಾಬರಿಯದು. ಮೂರನೆಯ ದಿನ ಸಂಜೆ ದೊಡ್ಡವಳು ಬಕೆಟ್‌ಗೆ ನೀರು ತರಲು ಹೋದವಳು ಹತ್ತು ನಿಮಿಷವಾದರೂ ಬರಲಿಲ್ಲ. ನೀರಿನಂಚಿನಿಂದ ಹಿಂದಿರುಗಿ ನೋಡಿದಾಗ ಅವಳಿಗೆ ಕಂಡದ್ದು ಒಂದೇ ಬಗೆಯ ನೂರಾರು ಕೊಡೆಗಳು. ಅಲೆಯಲ್ಲಿ ಆಡುತ್ತ ಆಡುತ್ತ ಮಕ್ಕಳು ಪಕ್ಕಕ್ಕೆ ಸರಿಯುತ್ತಾರೆ, ಅದು ಅವರಿಗೂ ತಿಳಿಯುವುದಿಲ್ಲ. ಅವಳು ಜೀವರಕ್ಷಕರ ಗೋಪುರದ ಕೆಳಗೆ ಹೋಗಿ ನಿಂತಿದ್ದಳು, ಆದ್ದರಿಂದ ಬೇಗ ಸಿಕ್ಕಳು. ಆ ಹತ್ತು ನಿಮಿಷದಲ್ಲಿ ನನ್ನ ಪತ್ನಿ ಅಳುವುದನ್ನೂ ಮರೆತು ನೀರನ್ನೇ ನೋಡುತ್ತ ನಿಂತಿದ್ದ ಬಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ದಯವಿಟ್ಟು ಕೂರುವ ಮೊದಲೇ ಮಗುವಿಗೆ ಹತ್ತಿರದ ಗೋಪುರವನ್ನು ತೋರಿಸಿ, "ದಾರಿ ತಪ್ಪಿದರೆ ಇಲ್ಲಿ ಬಂದು ನಿಲ್ಲು" ಎಂದು ಹೇಳಿಡಿ. ಮುಂಗೈ ಮೇಲೆ ನೀರಿಗೆ ಅಳಿಯದ ಪೆನ್ನಿನಿಂದ ಫೋನ್ ಸಂಖ್ಯೆ ಬರೆಯಿರಿ. ನಾವು ಮರುದಿನ ಕೊಡೆಯ ತುದಿಗೆ ಅಮ್ಮನ ಹಳದಿ ವಸ್ತ್ರವೊಂದನ್ನು ಕಟ್ಟಿದೆವು. ಅದು ನೀರಿನಿಂದಲೂ ಕಾಣುತ್ತಿತ್ತು.

ಅಮ್ಮ ಸೀರೆಯಲ್ಲೇ ಬಂದಿದ್ದರು, ಯಾರೂ ತಿರುಗಿ ನೋಡಲಿಲ್ಲ. ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತರು. ಅಲ್ಲಿ ಕೆಲವು ಹೆಂಗಸರು ಮೇಲುಡುಪಿಲ್ಲದೆ ಬಿಸಿಲು ಕಾಯುವುದು ವಾಡಿಕೆ. ಮನೆಯವರಿಗೆ ಇದನ್ನು ಮುಂಚೆಯೇ ತಿಳಿಸಿದರೆ ಮುಜುಗರವಾಗದು. ಫೋಟೊ ತೆಗೆಯುವಾಗ ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ನಡೆಯಲಾರದವರಿಗಾಗಿ ಬೇಸಿಗೆಯಲ್ಲಿ ನೀರಿಗೇ ಇಳಿಸಬಲ್ಲ ಗಾಲಿಕುರ್ಚಿಗಳೂ, ನೆರವಿಗೆ ಸಿಬ್ಬಂದಿಯೂ ಇರುತ್ತಾರೆ. ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ ಎಂಬ ಕಾರಣಕ್ಕೇ ನಾನು ಈ ತೀರವನ್ನು ಬೇರೆಯವರಿಗೂ ಹೇಳುತ್ತೇನೆ.

ಸಸ್ಯಾಹಾರಿಗಳು ಊಟದ ಬಗ್ಗೆ ಸ್ವಲ್ಪ ಜಾಗ್ರತೆ ವಹಿಸಬೇಕು. ಪಾಯೆಯಾ ಎಂಬ ಅನ್ನದ ಅಡುಗೆ ಹುಟ್ಟಿದ್ದೇ ಈ ಸೀಮೆಯಲ್ಲಿ, ದಕ್ಷಿಣದ ಅಲ್ಬುಫೆರಾ ಸರೋವರದ ಸುತ್ತಲೂ ಇಂದಿಗೂ ಭತ್ತದ ಗದ್ದೆಗಳಿವೆ. ಮೂಲ ಪಾಯೆಯಾದಲ್ಲಿ ಕೋಳಿ ಮತ್ತು ಮೊಲದ ಮಾಂಸವಿರುತ್ತದೆ. ತರಕಾರಿಯದ್ದೂ ಸಿಗುತ್ತದೆ, ಆದರೆ ಅನ್ನ ಬೇಯಿಸುವ ಸಾರಿನಲ್ಲಿ ಮೀನು ಮಾಂಸ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡೇ ತರಿಸಬೇಕು. "ಸಿನ್ ಕಾರ್ನೆ, ಸಿನ್ ಪೆಸ್ಕಾದೊ" ಎಂದರೆ ಮಾಂಸ ಬೇಡ, ಮೀನು ಬೇಡ ಎಂದರ್ಥ. ಪಾಯೆಯಾ ಮಧ್ಯಾಹ್ನದ ಊಟ, ಸಾಮಾನ್ಯವಾಗಿ ಇಬ್ಬರಿಗಿಂತ ಕಡಿಮೆಗೆ ಮಾಡಿಕೊಡುವುದಿಲ್ಲ. ಅಗಲ ಬಾಣಲೆಯ ತಳದಲ್ಲಿ ಹತ್ತಿದ ಗರಿಗರಿ ಅನ್ನವನ್ನು ಅಲ್ಲಿಯವರು ಚಮಚದಿಂದ ಕೆರೆದು ಕೊನೆಗೆ ಆಸೆಪಟ್ಟು ತಿನ್ನುತ್ತಾರೆ, ನಾವು ಮನೆಯಲ್ಲಿ ಸೀದ ಅನ್ನಕ್ಕೆ ಜಗಳವಾಡಿದಂತೆಯೇ. ರಾತ್ರಿ ಎಂಟೂವರೆಯ ಮೊದಲು ಅಡುಗೆಮನೆಗಳು ಸಾಮಾನ್ಯವಾಗಿ ತೆರೆಯುವುದಿಲ್ಲವಾದ್ದರಿಂದ ಮಕ್ಕಳಿಗೆ ಏನಾದರೂ ಕಟ್ಟಿಕೊಂಡಿರಬೇಕು. ಸಂಜೆಗೆ ಓರ್ಚಾತಾ ಕುಡಿಸಿ. ತೀರದ ಉತ್ತರ ತುದಿಗೆ ಹೊಂದಿಕೊಂಡ ಅಲ್ಬೊರಾಯ ಊರಿನ ಹೊಲಗಳಲ್ಲಿ ಬೆಳೆಯುವ ಚುಫಾ ಗೆಡ್ಡೆಯನ್ನು ನೆನೆಸಿ, ರುಬ್ಬಿ, ಸೋಸಿ ಮಾಡುವ ಈ ತಂಪು ಪಾನೀಯದಲ್ಲಿ ಹಾಲಿಲ್ಲ. ನಮ್ಮ ಹೊಲಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಕೊನ್ನಾರಿಗೆಡ್ಡೆಯ ಬಳಗದ್ದೇ ಆ ಗಿಡ.

ಒಂದು ದಿನವಾದರೂ ಬೆಳಿಗ್ಗೆ ಆರಕ್ಕೇ ಎದ್ದು ಹೋಗಿ. ನಮ್ಮ ಕಡಲು ಪಡುವಣದ್ದು, ಅದು ಮೂಡಣದ್ದು. ಜೂನ್‌ನಲ್ಲಿ ಆರೂವರೆಯ ಹೊತ್ತಿಗೆ ಸೂರ್ಯ ನೀರಿನಿಂದ ಮೇಲೇಳುತ್ತಾನೆ. ಹುಟ್ಟಿದಂದಿನಿಂದ ಕಡಲಿನಲ್ಲಿ ಸೂರ್ಯ ಮುಳುಗುವುದನ್ನಷ್ಟೇ ಕಂಡಿದ್ದ ಅಮ್ಮ ಅಲ್ಲಿ ಚಪ್ಪಲಿ ಕಳಚಿಟ್ಟು ಅರ್ಘ್ಯ ಬಿಟ್ಟರು. ಆ ಹೊತ್ತಿಗೆ ಮರಳು ತಣ್ಣಗಿತ್ತು.

ಮ್ಯಾಡ್ರಿಡ್ ಮೂಲಕ ಹಿಂದಿರುಗುವವರು ಪ್ರಾಡೊ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹದಿನೆಂಟರೊಳಗಿನವರಿಗೆ ಪ್ರವೇಶ ಉಚಿತ. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರವರೆಗೆ ಎಲ್ಲರಿಗೂ ಉಚಿತ. ಸೊರೋಯಾ 1909ರಲ್ಲಿ ಇದೇ ವಲೆನ್ಸಿಯಾ ತೀರದಲ್ಲಿ ಬರೆದ, ಮೂವರು ಹುಡುಗರು ನೀರಿನಂಚಿನಲ್ಲಿ ಬೋರಲು ಮಲಗಿರುವ ಚಿತ್ರ ಅಲ್ಲಿದೆ. ಒದ್ದೆ ಮರಳಿನ ಮೇಲೆ ತೆಳ್ಳಗೆ ನಿಂತ ನೀರು, ಅದರಲ್ಲಿ ಆ ಹುಡುಗರ ಮೈಯ ಕಂದು ನೆರಳು. ನಮ್ಮ ದೊಡ್ಡವಳು ಅದರೆದುರು ಬಹಳ ಹೊತ್ತು ನಿಂತು, ಅವರು ಮಲಗಿರುವ ಜಾಗದಲ್ಲಿ ಮರಳು ಸುಡುವುದಿಲ್ಲ ಎಂದು ತಂಗಿಗೆ ವಿವರಿಸುತ್ತಿದ್ದಳು.