ಮಳೆ ಬಂದಾಗ ಗೈಗರ್ ಮೀಟರ್ ಏರಿದರೆ

ಮನೆಯಲ್ಲಿ ಗೈಗರ್ ಮೀಟರ್, ಅಂದರೆ ವಿಕಿರಣದ ಕಣಗಳನ್ನು ಎಣಿಸುವ ಯಂತ್ರ, ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಒಂದು ಗಾಬರಿ ಕಾದೇ ಇರುತ್ತದೆ. ನಿಮಿಷಕ್ಕೆ 25ರ ಆಸುಪಾಸಿನಲ್ಲಿದ್ದ ಎಣಿಕೆ ಜೋರು ಮಳೆ ಸುರಿದ ಕೂಡಲೇ 40ರ ಹತ್ತಿರ ಹೋಗುವುದುಂಟು. ಸುರತ್ಕಲ್ಲಿನ ಗೆಳೆಯ ಒಂದು ರಾತ್ರಿ ಫೋನ್ ಮಾಡಿ, "ಕೈಗಾದಲ್ಲಿ ಏನಾದ್ರೂ ಆಯ್ತಾ ಮಾರಾಯ?" ಅಂತ ಕೇಳಿದ. ಮನೆಯಲ್ಲಿ ಸಣ್ಣ ಮಗು ಇದೆ, ಹೆದರಿಕೆ ಆಗುತ್ತದೆ ಅಲ್ವಾ. ಎಷ್ಟು ಏರಿತು ಅನ್ನುವುದಕ್ಕಿಂತ ಹೇಗೆ ಇಳಿಯುತ್ತದೆ ಅಂತ ನೋಡು, ಅಂದೆ.

ಮಣ್ಣು, ಕಲ್ಲಿನಲ್ಲಿ ಎಲ್ಲ ಕಡೆಯೂ ಒಂಚೂರು ಯುರೇನಿಯಂ ಇರುತ್ತದೆ. ಅದರಿಂದ ಹುಟ್ಟುವ ರೇಡಾನ್ ಅನಿಲ ಗಾಳಿಗೆ ಸೇರಿ, ಅಲ್ಲೇ ಒಡೆದು ವಿಕಿರಣ ಸೂಸುವ ಸೀಸ-214, ಬಿಸ್ಮತ್-214 ಆಗಿ ಧೂಳಿಗೆ ಅಂಟಿಕೊಂಡು ತೇಲುತ್ತಿರುತ್ತದೆ, ಮಳೆ ಅದನ್ನೆಲ್ಲ ತೊಳೆದು ನೆಲಕ್ಕೆ ಇಳಿಸುತ್ತದೆ. ಈ ಸೀಸದ ಅರ್ಧಾಯುಷ್ಯ (ಇದ್ದದ್ದು ಅರ್ಧ ಆಗಲಿಕ್ಕೆ ಬೇಕಾದ ಹೊತ್ತು) ಸುಮಾರು 27 ನಿಮಿಷ, ಬಿಸ್ಮತ್‌ನದು 20. ಹಾಗಾಗಿ ಮಳೆ ನಿಂತು ಎರಡು ಮೂರು ಗಂಟೆಯೊಳಗೆ ಎಣಿಕೆ ತಾನಾಗಿ ಇಳಿಯುತ್ತದೆ. ರಿಯಾಕ್ಟರಿನಿಂದ ಬಂದ ಅಯೋಡಿನ್-131 ಆದರೆ ಅರ್ಧ ಆಗಲಿಕ್ಕೆ 8 ದಿನ ಬೇಕು, ಸೀಸಿಯಂ-137 ಆದರೆ 30 ವರ್ಷ.

ನೀವೇ ಪರೀಕ್ಷೆ ಮಾಡಬಹುದು. ಮಳೆ ಬರುತ್ತಿರುವಾಗಲೇ ಕಾರಿನ ಬಾನೆಟ್ಟನ್ನು ಟಿಶ್ಯೂ ಪೇಪರಿನಲ್ಲಿ ಒರೆಸಿ, ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೀಟರಿನಲ್ಲಿ ವಿಕಿರಣ ಹಿಡಿಯುವ ಟ್ಯೂಬಿನ ಪಕ್ಕ ಇಡಿ. ಹತ್ತತ್ತು ನಿಮಿಷದ ಎಣಿಕೆ ಬರೆಯುತ್ತಾ ಹೋಗಿ. ಒಂದೇ ನಿಮಿಷದ್ದು ನಂಬಬೇಡಿ, ಯಾಕೆಂದರೆ ಸರಾಸರಿ 25 ಇರುವ ಕಡೆ ಏನೂ ಕಾರಣ ಇಲ್ಲದೆ 15 ಬರಬಹುದು, 35 ಕೂಡ ಬರಬಹುದು. ಹತ್ತು ನಿಮಿಷಕ್ಕೆ 250 ಆದರೆ ಮಾಮೂಲಿ ಏರಿಳಿತ 16ರಷ್ಟೇ. ಮನೆಯ ಮಾಮೂಲಿ ಎಣಿಕೆ ಕಳೆದು ಉಳಿದದ್ದು ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಅರ್ಧ ಆಗುತ್ತಿದ್ದರೆ ಅದು ರೇಡಾನಿನದೇ. ಪರದೆಯ ಮೇಲಿನ ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಬಿಟ್ಟುಬಿಡಿ. ಆ ಲೆಕ್ಕ ಸಾಮಾನ್ಯವಾಗಿ ಸೀಸಿಯಂ-137ರ ಗಾಮಾ ಕಿರಣಕ್ಕೆ ಹೊಂದಿಸಿದ್ದು, ಇಲ್ಲಿ ಕೂಡಿಬರುವುದಿಲ್ಲ.

ಇಳಿಯದೇ ಇದ್ದರೆ? ನಮ್ಮ ಊರಲ್ಲಿ ಮೊದಲ ಸಂಶಯ ತೇವದ ಮೇಲೆ. ಟ್ಯೂಬಿಗೆ ಸುಮಾರು 400 ವೋಲ್ಟ್ ಬೇಕು, ಉಪ್ಪುಗಾಳಿಯ ಪಸೆ ಬೋರ್ಡಿನ ಮೇಲೆ ಕೂತರೆ ಆ ಕರೆಂಟ್ ಸೋರಿ ಸುಳ್ಳು ಎಣಿಕೆ ಬರುತ್ತದೆ, ಅದೂ ಗೊಂಚಲು ಗೊಂಚಲಾಗಿ. ಮೀಟರ್ ಆಫ್ ಮಾಡಿ, ಸಿಲಿಕಾ ಜೆಲ್ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಸರಿಯಾದರೆ ತೇವವೇ ಕಾರಣ. ಗಾಜಿನ ಟ್ಯೂಬ್ ಆದರೆ ಬಿಸಿಲು ಬಿದ್ದರೂ ಎಣಿಕೆ ಏರುತ್ತದೆ, ಕಪ್ಪು ಬಟ್ಟೆ ಮುಚ್ಚಿ ನೋಡಿ.

ಉಳ್ಳಾಲದ ಕಡಲ ತೀರದಲ್ಲಿ ಏರಿದರೆ ಮೀಟರನ್ನು ದೂರಬೇಡಿ. ಅಲ್ಲಿನ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರೊಳಗೆ ವಿಕಿರಣ ಸೂಸುವ ಥೋರಿಯಂ. ಮಂಗಳೂರು ವಿಶ್ವವಿದ್ಯಾಲಯದವರು ಈ ಕರಾವಳಿಯ ವಿಕಿರಣ ಅಳೆದು ಅಧ್ಯಯನ ಮಾಡಿದ್ದಾರೆ. ಥೋರಿಯಂ ಅರ್ಧ ಆಗಲಿಕ್ಕೆ 1400 ಕೋಟಿ ವರ್ಷ ಬೇಕು, ನೀವು ಎಷ್ಟು ಹೊತ್ತು ಕೂತರೂ ಆ ಎಣಿಕೆ ಇಳಿಯುವುದಿಲ್ಲ.

ಇನ್ನೊಂದು ವಿಷಯ ಸ್ವಲ್ಪ ಸೂಕ್ಷ್ಮದ್ದು. ಮಂಗಳೂರು ಆಸ್ಪತ್ರೆಗಳ ಊರು. ನೆಂಟರು ಬಂದಾಗ ಎಣಿಕೆ ಏರಿ, ಅವರು ಎದ್ದು ಹೋದಾಗ ಇಳಿದರೆ, ಅವರಿಗೆ ಮೂಳೆಯ ಸ್ಕ್ಯಾನಿಗೆ ಟೆಕ್ನೀಷಿಯಂ ಅನ್ನುವ ವಿಕಿರಣ ವಸ್ತು ಕೊಟ್ಟಿರಬಹುದು, ಅದಕ್ಕೆ 6 ಗಂಟೆಯ ಅರ್ಧಾಯುಷ್ಯ. ಇಲ್ಲವೇ ಥೈರಾಯ್ಡ್‌ಗೆ ಅಯೋಡಿನ್-131. ದಯವಿಟ್ಟು ಅವರ ಮೈಗೆ ಮೀಟರ್ ಹಿಡಿಯಬೇಡಿ. ಮೊದಲೇ ಕಾಯಿಲೆಯ ಚಿಂತೆಯಲ್ಲಿರುತ್ತಾರೆ. ಮಕ್ಕಳು, ಗರ್ಭಿಣಿಯರಿಂದ ಎಷ್ಟು ದೂರ ಇರಬೇಕು, ಎಷ್ಟು ದಿನ ಅಂತ ಡಾಕ್ಟರು ಹೇಳಿರುತ್ತಾರೆ, ಅದನ್ನು ಮೆತ್ತಗೆ ಕೇಳಿದರೆ ಸಾಕು.

ಇದೆಲ್ಲ ಮಾಡಲಿಕ್ಕೆ ನಿಮ್ಮ ಮನೆಯ ಮಾಮೂಲಿ ಎಣಿಕೆ ಗೊತ್ತಿರಬೇಕು. ಏಪ್ರಿಲ್, ಮೇ ತಿಂಗಳ ಒಣ ದಿನಗಳಲ್ಲೇ ಅಂಗಳದಲ್ಲಿ ಒಂದು ಗಂಟೆ, ಒಳಗೆ ಗ್ರಾನೈಟ್ ನೆಲದ ಮೇಲೆ ಒಂದು ಗಂಟೆ ಮೀಟರ್ ಇಟ್ಟು ಬರೆದಿಡಿ. ಗ್ರಾನೈಟಿನ ಮೇಲೆ ಸ್ವಲ್ಪ ಜಾಸ್ತಿ ಬಂದರೆ ಸುಮ್ನೆ ಹೆದರಬೇಡಿ, ಆ ಕಲ್ಲಿನಲ್ಲೇ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಇರುತ್ತವೆ.